ದರ್ಜಿಯ ಬೆರಳು, ಕುಂಡದ ಮಣ್ಣು

ನಮ್ಮ ಯಜಮಾನರು ದರ್ಜಿ. ಗಿರಾಕಿ ಬಾಗಿಲಲ್ಲಿ ನಿಂತಾಗಲೇ ಭುಜದ ಅಳತೆ ಹೇಳಿಬಿಡುವ ಮನುಷ್ಯ. ಆದರೆ ಗಿಡಗಳ ವಿಷಯದಲ್ಲಿ ನನಗೆ ಅವರ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ತಂಗಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಾಗ, ಅವಳನ್ನು ನೋಡಿಕೊಳ್ಳಲು ಹೊರಟ ನನಗೆ ಅವಳ ಕಾಲಿನಷ್ಟೇ ನನ್ನ ಕುಂಡಗಳ ಚಿಂತೆಯೂ ಇತ್ತು.

ಮೆಟ್ಟಿಲ ಮೇಲಿನವು ಹೇಗೋ ಬದುಕಿಕೊಳ್ಳುತ್ತವೆ. ನನ್ನ ಜೀವವೆಲ್ಲ ಇದ್ದದ್ದು ಒಳಗೆ, ಹೊಲಿಗೆ ಯಂತ್ರದ ಪಕ್ಕದಲ್ಲಿ ಮಣ್ಣಿನ ಕುಂಡದಲ್ಲಿದ್ದ ಅಗಲ ಎಲೆಯ ಗಿಡದ ಮೇಲೆ. ಅಮ್ಮ ಮುರಿದುಕೊಟ್ಟ ತುಂಡಿನಿಂದ ಬಂದದ್ದು. ಅಮ್ಮ ಹೋದ ಮೇಲೆ ಅವಳ ಕೈಯಲ್ಲಿ ಬೆಳೆದದ್ದು ಎಂದು ಉಳಿದಿರುವುದು ನಾನು, ನನ್ನ ತಂಗಿ ಮತ್ತು ಈ ಗಿಡ. ಮೂವರಲ್ಲಿ ಹೇಳಿದ ಮಾತು ಕೇಳುವುದು ಗಿಡ ಒಂದೇ.

"ರೀ, ಮೇಲೆ ಒಣಗಿದ ಹಾಗೆ ಕಾಣ್ತು ಅಂತ ನೀರು ಸುರೀಬೇಡಿ. ಹೊರಗಡೆ ಬಿಸಿಲು, ಗಾಳಿ, ಬೇಗ ಆರುತ್ತೆ. ಒಳಗಡೇದು ನಿಧಾನ. ಬೆರಳು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ರೆ ಹಾಕಿ, ತೇವ ಇದ್ರೆ ಬಿಟ್ಬಿಡಿ."

"ಇಷ್ಟೇ ತಾನೆ? ಹೋಗಿ ಬಾ, ನಾನೇನು ಚಿಕ್ಕ ಮಗೂನಾ?"

ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ. "ಬೆರಳಿಟ್ಟು ನೋಡಿದೆ, ಒಣಗಿತ್ತು, ಹಾಕಿದೆ." ಇಸ್ತ್ರಿಪೆಟ್ಟಿಗೆಯ ಕಾವಿಗೆ ಬೇಗ ಆರುತ್ತಿರಬಹುದು ಎಂದು ನಾನೂ ಸುಮ್ಮನಾದೆ.

ತಂಗಿ ಎದ್ದು ಓಡಾಡುವಂತಾದ ಮೇಲೆ ಮನೆಗೆ ಬಂದೆ. ಮೆಟ್ಟಿಲ ಮೇಲಿನ ಗಿಡಗಳು ನಳನಳಿಸುತ್ತಿದ್ದವು. ಒಳಗೆ ನೋಡಿದರೆ ಅಮ್ಮನ ಗಿಡದ ಎಲೆಗಳೆಲ್ಲ ಹಳದಿಯಾಗಿ ಜೋತುಬಿದ್ದಿದ್ದವು. ಮಣ್ಣಿಗೆ ಬೆರಳಿಟ್ಟೆ. ಬರೀ ಕೆಸರು, ಕೊಳೆತ ವಾಸನೆ ಬೇರೆ. ನನಗೆ ಕೋಪ ನೆತ್ತಿಗೇರಿತು, ಅಳುವೂ ಬಂತು.

"ಇದು ಒಣಗಿರೋದಾ? ಇದರಲ್ಲಿ ಮೀನು ಸಾಕಬಹುದು!"

"ಒಣಗಿದೆ ಕಣೇ, ನಿನ್ನಾಣೆ. ಬೇಕಾದ್ರೆ ನೋಡು." ಅವರು ನನ್ನೆದುರೇ ಬೆರಳನ್ನು ಮಣ್ಣಿಗಿಳಿಸಿ ತೆಗೆದರು. ತುದಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಇಷ್ಟು ದಿನ ಬೆರಳನ್ನು ಕಣ್ಣಿಂದ ನೋಡಿರಲೇ ಇಲ್ಲವೇನೋ, ಅವರಿಗೇ ಆಶ್ಚರ್ಯ.

ಬಟ್ಟೆಚೂರಿನಿಂದ ಆ ಬೆರಳು ಒರೆಸಿದೆ. ಸೂಜಿ ಚುಚ್ಚಿ, ಇಸ್ತ್ರಿಯ ಬಿಸಿ ತಾಗಿ, ತುದಿ ಗುಂಡಿಯಷ್ಟು ಗಟ್ಟಿಯಾಗಿ ಜಡ್ಡುಗಟ್ಟಿತ್ತು. ಉಗುರಿನಿಂದ ಒತ್ತಿದೆ. ಒತ್ತಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಮತ್ತೆ ಇಸ್ತ್ರಿಗೆ ಮುಂಚೆ ಬಟ್ಟೆ ತೇವ ಹೇಗ್ರೀ ನೋಡ್ತೀರಿ?"

"ಕೆನ್ನೆಗೆ ಒತ್ತಿಕೊಂಡು. ಬೆರಳಿಗೆಲ್ಲಿ ತಿಳಿಯುತ್ತೆ?"

"ಇದನ್ನ ಮೊದಲೇ ಹೇಳೋಕೇನಾಗಿತ್ತು?"

"ನೀನು ಬೆರಳು ಅಂದೆ. ಬೆರಳಿಟ್ಟೆ."

ಇವರನ್ನು ಬೈಯುವುದಾದರೂ ಹೇಗೆ? ಇಬ್ಬರೂ ನೆಲದ ಮೇಲೆ ಕುಳಿತು ಗಿಡ ಕಿತ್ತೆವು. ಅವರ ಕತ್ತರಿಯಿಂದಲೇ ಕೊಳೆತ ಬೇರು ಕತ್ತರಿಸಿದೆವು. ಬಟ್ಟೆ ಕತ್ತರಿಸುವ ಕತ್ತರಿಯನ್ನು ನಾನು ಕಾಗದಕ್ಕೆ ಮುಟ್ಟಿಸಿದರೂ ರೇಗುವವರು ಅಂದು ತಾವೇ ಅದನ್ನು ನನ್ನ ಕೈಗಿಟ್ಟರು. ಒಣಮಣ್ಣು ತುಂಬಿ ಕುಂಡವನ್ನು ಕಿಟಕಿಯ ಬಳಿ ಇಟ್ಟೆವು. ಬದುಕುತ್ತದೋ ಇಲ್ಲವೋ ಎಂದು ನನಗೆ ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

ಹಳದಿ ಎಲೆಗಳು ಒಂದೊಂದಾಗಿ ಉದುರಿ ಬರೀ ದಂಟು ಉಳಿಯಿತು. ಅದೂ ಹೋಯಿತೆಂದು ನಾನು ಕೈಬಿಟ್ಟಾಗ, ಬುಡದಲ್ಲಿ ಸುರುಳಿ ಸುತ್ತಿಕೊಂಡ ಪುಟ್ಟ ಎಲೆಯೊಂದು ಮೂಡಿತು. ಖುಷಿ ತಡೆಯಲಾಗದೆ ನೀರಿನ ಚೊಂಬು ಹಿಡಿದು ಓಡಿದೆ.

"ತಡಿಯೇ!" ಅವರು ಯಂತ್ರ ನಿಲ್ಲಿಸಿ ಬಂದು, ಕುಂಡವನ್ನು ತಬ್ಬಿ, ಕಣ್ಣು ಮುಚ್ಚಿ ಅದರ ಮೈಗೆ ಕೆನ್ನೆ ಒತ್ತಿದರು. "ಬೇಡ. ಇನ್ನೂ ತಂಪಿದೆ. ನಾಳೆ ನೋಡೋಣ."

ಅವರು ಹೊಲಿಗೆಗೆ ಹಿಂತಿರುಗಿದ ಮೇಲೆ ಮೆಲ್ಲಗೆ ಬೆರಳಿಟ್ಟು ನೋಡಿದೆ. ಒಳಗೆ ತೇವವಿತ್ತು. ಚೊಂಬಿನ ನೀರನ್ನು ನಾನೇ ಕುಡಿದೆ.