ಟೀಪಾಟಿನ ಟೋಪಿ

ಥಾರ್ನ್‌ಲೀ ಕೋರ್ಟ್ ಎಂಬ ವಸತಿ ಕಟ್ಟಡದ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ ಈ ಘನಗಂಭೀರ ಸಂಗತಿಯನ್ನು ಬಿಡಬಾರದು: ಕಳೆದ ಜನವರಿಯ ಹದಿನಾಲ್ಕರ ಮಧ್ಯಾಹ್ನ, ಎರಡನೇ ಮಹಡಿಯ ಹಿಲ್ಡಾ ಕ್ರಾಬ್‌ಟ್ರೀಯ ಟೀಪಾಟು ಬೋಳುತಲೆಯಲ್ಲಿ ಕೂತಿತ್ತು. ಚಹಾ ಆರದಂತೆ ಅದಕ್ಕೆ ಹೊದಿಸುತ್ತಿದ್ದ ಹಸಿರು ಉಣ್ಣೆಯ ಟೋಪಿ ಹಿಲ್ಡಾಳ ತಲೆಯ ಮೇಲಿತ್ತು.

ಕಣ್ಣಾರೆ ಕಂಡವನು ಕಟ್ಟಡ ನೋಡಿಕೊಳ್ಳುವ ವಿಲ್ಫ್ ಅಕ್ರಾಯ್ಡ್. ಯಾರ್ಕ್‌ಷೈರಿನ ಆ ಕಟ್ಟಡದ ಅರವತ್ತನಾಲ್ಕು ಬಾಡಿಗೆ ಮನೆಗಳಿಗೂ ನೆಲಮಾಳಿಗೆಯ ಒಂದೇ ಬಾಯ್ಲರಿನಿಂದ ಕೊಳವೆಗಳಲ್ಲಿ ಬಿಸಿ ಹರಿದುಬರುತ್ತದೆ. ಅದು ಮುನಿಸಿಕೊಂಡರೆ ಎಲ್ಲರ ಮನೆಯೂ ಒಟ್ಟಿಗೆ ತಣ್ಣಗೆ. ಅಂದು ಬೆಳಗಿನಿಂದಲೇ ಮುನಿಸಿಕೊಂಡಿತ್ತು. ಚಳಿಯಾಗುತ್ತಿದೆಯೇ ಎಂದು ವಿಲ್ಫ್ ಬಾಗಿಲಲ್ಲೇ ನಿಂತು ಕೇಳಿದ್ದ.

"ನಂಗೇನಾಗಿದೆ ಮಗಾ, ಗುಂಡುಕಲ್ಲಿನ ಹಾಗಿದ್ದೀನಿ. ಕಷ್ಟದಲ್ಲಿರೋರನ್ನ ನೋಡು ಹೋಗು," ಎಂದಿದ್ದಳು ಎಂಬತ್ತಮೂರರ ಹಿಲ್ಡಾ.

ಅವನು ಹೋಗಿದ್ದ. ಮರುದಿನ ಆಂಬುಲೆನ್ಸ್ ಬಂತು. ಹಿಲ್ಡಾಳಿಗೆ ಹನ್ನೊಂದು ದಿನ ಆಸ್ಪತ್ರೆ.

ಅಕ್ಟೋಬರಿನಲ್ಲಿ, ಕಟ್ಟಡದ ಒಡೆತನವಿರುವ ವಸತಿ ಸಂಘದ ಕಚೇರಿಯಿಂದ ಶಬನಮ್ ಮೀರ್ ಕಡತ ಹಿಡಿದು ಬಾಯ್ಲರ್ ಕೋಣೆಗೆ ಇಳಿದುಬಂದಳು. ಒಂದೇ ಬಾಯ್ಲರಿನಿಂದ ಹಲವು ಮನೆಗೆ ಬಿಸಿ ಹಂಚುವವರೆಲ್ಲ ಹೊಸ ವರ್ಷದಿಂದ ಸರ್ಕಾರದ ನಿಯಂತ್ರಕರಿಗೆ ಉತ್ತರ ಹೇಳಬೇಕೆಂದು ವಿವರಿಸಿದಳು. ಬಿಸಿ ನಿಲ್ಲಿಸುವ ಮುನ್ನ ಮನೆಮನೆಗೆ ತಿಳಿಸಬೇಕು. ಕೆಟ್ಟರೆ ಯಾವಾಗ ಸರಿಹೋದೀತೆಂದು ಹೇಳಬೇಕು, ದೂರು ಕೊಟ್ಟವರನ್ನು ಅಲೆಸಬಾರದು. ಮತ್ತೆ, ಬಿಸಿಯಿಲ್ಲದೆ ತಾಳಲಾರದವರು ಯಾರ್‍ಯಾರೆಂದು ಪಟ್ಟಿ ಇಟ್ಟಿರಬೇಕು.

"ಪಟ್ಟಿ ಇಲ್ಲಿದೆ," ಎಂದು ವಿಲ್ಫ್ ಹಣೆ ತಟ್ಟಿಕೊಂಡ. "ಮೂವತ್ತೊಂದು ವರ್ಷದ್ದು."

"ನಿಮ್ಮ ಮಂಡಿ ಆಪರೇಷನ್ನು ನವೆಂಬರ್ ಹತ್ತಕ್ಕೆ. ಪಂಪ್ ಬದಲಾಯಿಸೋಕೆ ಹೀಟ್ ನಿಲ್ಲಿಸೋದು ಹನ್ನೆರಡಕ್ಕೆ. ಅವತ್ತು ಆ ಪಟ್ಟಿ ಆಸ್ಪತ್ರೆ ದಿಂಬಿನ ಮೇಲೆ ಮಲಗಿರುತ್ತಲ್ಲ, ವಿಲ್ಫ್?"

ವಿಲ್ಫ್ ಮಂಡಿ ನೀವಿಕೊಂಡ.

ಅರವತ್ತನಾಲ್ಕು ಮನೆಗೂ ಒಂದೊಂದು ನಮೂನೆ ಹೋಯಿತು: ನಿಮಗೆ ವಿಶೇಷ ನೆರವು ಬೇಕೇ? ಐವತ್ತೊಂದು ಹಿಂದಿರುಗಿದವು. ಐವತ್ತೊಂದರಲ್ಲೂ 'ಬೇಡ'. ಒಬ್ಬರು ಕ್ಷಮೆಯನ್ನೂ ಕೋರಿದ್ದರು. ಹಿಲ್ಡಾ 'ಬೇಡ' ಎಂದು ಬರೆದು ಪಕ್ಕದಲ್ಲೊಂದು ಹೂವು ಬಿಡಿಸಿದ್ದಳು. ಇದನ್ನೇ ಮೇಲಕ್ಕೆ ಕಳಿಸಿದರೆ ದೇಶದಲ್ಲೇ ಗಟ್ಟಿಮುಟ್ಟಾದ ಕಟ್ಟಡವೆಂದು ನಮಗೆ ಪದಕ ಕೊಟ್ಟಾರು ಎಂದಳು ಶಬನಮ್.

"ಕೇಳೋ ರೀತಿಯೇ ತಪ್ಪಮ್ಮ," ಎಂದ ವಿಲ್ಫ್. "ಮನೆಗೆ ಬೆಂಕಿ ಬಿದ್ರೂ 'ಸ್ವಲ್ಪ ಸೆಖೆ, ಪರವಾಗಿಲ್ಲ' ಅನ್ನೋ ಜನ ಇವರು. ತಮ್ಮ ವಿಷಯ ಬಾಯಿ ಬಿಡಲ್ಲ. ಪಕ್ಕದ ಮನೆಯೋರ ವಿಷಯ ಕೇಳಿ ನೋಡು, ಬಾಯಿ ಮುಚ್ಚಲ್ಲ."

ಕಾಗದವನ್ನು ನಂಬದವನಿಂದ ಕಾಗದಕ್ಕೊಂದು ಹೊಸ ಪ್ರಶ್ನೆ ಹುಟ್ಟಿದ್ದು ಹೀಗೆ: ಬಿಸಿ ನಿಂತರೆ ನಾವು ಮೊದಲು ಯಾರ ಬಾಗಿಲು ತಟ್ಟಬೇಕು? ಇಬ್ಬರೂ ಮಹಡಿ ಮಹಡಿ ಹತ್ತಿದರು. ನಾಲ್ಕನೆಯದರಲ್ಲಿ ಮೂರು ವಾರದ ಕೂಸಿದೆ ಎಂದ ಅದರ ಕೆಳಗಿನ ಮನೆಯವನು. ಕೆಳಗಿನವನಿಗೆ ಕಾಲು ಸ್ವಾಧೀನವಿಲ್ಲ, ಬಾಗಿಲಿಗೆ ಬರಲು ಹೊತ್ತಾಗುತ್ತದೆ ಎಂದಳು ಕೂಸಿನ ತಾಯಿ. ಎದುರುಮನೆಯ ಓಸೆಯವರಿಗೆ ಎದೆಯ ಕಾಯಿಲೆ, ಪಾಪ, ಎಂದಳು ಹಿಲ್ಡಾ. ಓಸೆ ಹಿಲ್ಡಾಳ ಹೆಸರು ಹೇಳಿದರು. ಒಟ್ಟು ಏಳು ಮನೆಯವರು ಹಿಲ್ಡಾಳ ಹೆಸರು ಹೇಳಿದರು.

ನೆರೆಯವರ ಮಾತು ಬಾಗಿಲವರೆಗೆ ದಾರಿ ತೋರಿಸುತ್ತದೆ ಅಷ್ಟೆ, ಹೆಸರು ಬರೆಯಲು ಅವರವರದೇ ಒಪ್ಪಿಗೆ ಬೇಕು ಎಂದಳು ಶಬನಮ್. ಹಾಗಾಗಿ ಮತ್ತೆ ಹಿಲ್ಡಾಳ ಮನೆ, ಮತ್ತೆ ಚಹಾ. ಟೀಪಾಟಿನ ಮೇಲೆ ಹಸಿರು ಟೋಪಿ.

ಹಿಲ್ಡಾ ಬಿಸ್ಕತ್ತಿನ ತಟ್ಟೆಯನ್ನು ಮೂರು ಸಲ ಸರಿಪಡಿಸಿದಳು. "ಪಟ್ಟಿಗೆ ಹೆಸರು ಬಂತೂಂದ್ರೆ, ಈ ಮುದುಕಿಗೆ ಒಬ್ಬಳೇ ಇರೋಕಾಗಲ್ಲ ಅಂತ ವೃದ್ಧಾಶ್ರಮಕ್ಕೆ ಸಾಗಿಸ್ತೀರಿ. ಗೊತ್ತಿಲ್ವಾ ನಂಗೆ?"

ಪಟ್ಟಿ ಯಾರನ್ನೂ ಮನೆಯಿಂದ ಎಬ್ಬಿಸುವುದಕ್ಕಲ್ಲ, ಬಿಸಿ ನಿಂತಾಗ ಮೊದಲು ಯಾರ ಬಳಿ ಓಡಬೇಕೆಂಬುದಕ್ಕೆ. ಬೇಡವೆನಿಸಿದ ದಿನ ಹೆಸರು ತೆಗೆಸಬಹುದು ಎಂದು ಶಬನಮ್ ಬಿಡಿಸಿ ಹೇಳಿದಳು. ಹಿಲ್ಡಾ ಕಿಟಕಿಯಾಚೆ ನೋಡುತ್ತಿದ್ದಳು.

"ಹಿಲ್ಡಾ," ಎಂದ ವಿಲ್ಫ್, "ಹನ್ನೆರಡನೇ ತಾರೀಕು ನಾನಿರಲ್ಲ. ಹೊಸಬ ಬರ್ತಾನೆ. ಟೀಪಾಟಿನ ಟೋಪಿ ನಿಮ್ಮ ತಲೆ ಮೇಲಿದ್ರೆ ಅವನಿಗೇನು ಅರ್ಥವಾಗುತ್ತೆ?"

"ನೀನು ನೋಡಿದ್ಯಾ ಅದನ್ನ?"

"ನೋಡಿದ್ದೆ. ನೋಡಿಯೂ ಮುಂದೆ ಹೋದೆ. ಆವತ್ತಿಂದ ನಿದ್ದೆ ಸರಿಯಿಲ್ಲ ನಂಗೆ."

ಹಿಲ್ಡಾ ಅವನ ಕಪ್ಪಿಗೆ ಕೇಳದೆಯೇ ಇನ್ನಷ್ಟು ಚಹಾ ಬಗ್ಗಿಸಿ, ಅವನ ಕೈಯ ಮೇಲೊಮ್ಮೆ ತಟ್ಟಿದಳು.

"ಬರ್ಕೋ ಹಾಗಾದ್ರೆ," ಎಂದಳು. "ಆದ್ರೆ ಓಸೆಯವರ ಹೆಸರು ನನ್ನ ಹೆಸರಿಗಿಂತ ಮೇಲಿರಲಿ."

ಒಂದು ಬಾಯ್ಲರಿನಿಂದ ಹಲವು ಮನೆ ಬೆಚ್ಚಗಿಡುವ ಸಂಘದವರೇ, ನಿಮ್ಮ ಕಟ್ಟಡದಲ್ಲೂ ಒಬ್ಬ ವಿಲ್ಫ್ ಇದ್ದಾನು. ಅವನ ತಲೆಯಲ್ಲಿರುವುದನ್ನು ಅವನ ಮಂಡಿ ಕೈಕೊಡುವ ಮುನ್ನ ಬರೆದಿಡಿ. ನಮೂನೆಯಲ್ಲಿ 'ಬೇಡ' ಎಂದಿದ್ದರೆ ಒಮ್ಮೆ ಬಾಗಿಲು ತಟ್ಟಿ ನೋಡಿ. ಬಾಡಿಗೆದಾರರೇ, ಹೆಸರು ಕೊಡಲು ಸಂಕೋಚ ಬೇಡ. ಎದುರುಮನೆಯವರು ನಿಮ್ಮ ಹೆಸರನ್ನು ಆಗಲೇ ಹೇಳಿರುತ್ತಾರೆ.

ನವೆಂಬರ್ ಹನ್ನೆರಡರಂದು ಬೆಳಿಗ್ಗೆ ಒಂಬತ್ತಕ್ಕೆ ಬಿಸಿ ನಿಂತಿತು. ಎಂಟೂವರೆಗೇ ಒಬ್ಬ ಅಪರಿಚಿತ ಕೈಯಲ್ಲಿ ಪಟ್ಟಿ, ಕಂಕುಳಲ್ಲಿ ಎರಡು ಎಲೆಕ್ಟ್ರಿಕ್ ಹೀಟರ್ ಹಿಡಿದು ಓಸೆಯವರ ಬಾಗಿಲು ತಟ್ಟಿದ್ದ, ಆಮೇಲೆ ಹಿಲ್ಡಾಳದ್ದು. ಸಂಜೆ ಐದಕ್ಕೆ ಬಿಸಿ ಮರಳಿತು. ದಿನವಿಡೀ ಟೋಪಿ ಟೀಪಾಟಿನ ಮೇಲೆಯೇ ಇತ್ತು.