ನೀರು ಬೆರೆಸಿದ ರಕ್ತ

ಹಾಲು ಸಂಗ್ರಹಿಸುವ ಕೇಂದ್ರದಲ್ಲಿ ಎಲ್ಲರೂ ಅವನನ್ನು ಮೀಟರಣ್ಣ ಎನ್ನುತ್ತಿದ್ದರು. ಹಾಲಿಗೆ ಗಾಜಿನ ಮೀಟರು ಇಳಿಬಿಟ್ಟು, ಅದು ಎಷ್ಟು ಮುಳುಗಿತೆಂದು ನೋಡಿ, ನೀರು ಬೆರೆತಿದ್ದರೆ ಹೇಳುವುದು ಅವನ ಕೆಲಸ. ಸ್ವಂತ ಭಾವಮೈದುನನ ಕ್ಯಾನನ್ನೂ ವಾಪಸು ಕಳಿಸಿದವನು.

ಅಂಥವನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕಳೆದ ವರ್ಷ ಸಣ್ಣ ಕ್ಯಾನ್ಸರ್ ಸಿಕ್ಕಿತು. "ನಿಧಾನದ ಜಾತಿ. ಈಗಲೇ ಕೊಯ್ದರೆ ಉಚ್ಚೆಯ ಹಿಡಿತ ತಪ್ಪಬಹುದು, ಗಂಡಹೆಂಡಿರ ಸುಖಕ್ಕೂ ಕಲ್ಲು ಬೀಳಬಹುದು. ಆಗಾಗ ರಕ್ತ ನೋಡ್ತಾ ಕಾಯೋಣ" ಎಂದಿದ್ದರು ಡಾಕ್ಟರಮ್ಮ. ಹೋದ ಸಲ ರಕ್ತಪರೀಕ್ಷೆಯಲ್ಲಿ ಆ ರೋಗದ ಅಂಕಿ ಕೊಂಚ ಏರಿತ್ತು. ಹೀಗೇ ಏರುತ್ತಾ ಹೋದರೆ ಆಪರೇಷನ್ ಬಗ್ಗೆ ಮಾತಾಡಬೇಕಾಗುತ್ತದೆ ಎಂದಿದ್ದರು.

ಹೆಂಡತಿ ಬಚ್ಚಲ ಬಾಗಿಲಾಚೆ ನಿಂತು ಕಿವಿಗೊಡುತ್ತಿದ್ದಳು. "ಧಾರೆ ಸರಿಯಾಗಿ ಬಂತಾ?"

"ಬಂತಮ್ಮಾ ತಾಯಿ. ನೀನೂ ಒಳಗೆ ಬಂದು ಅಳೀತೀಯಾ?"

"ನಗ್ತೀರಿ. ಮಡಿಲಲ್ಲಿ ಕೆಂಡ ಕಟ್ಕೊಂಡು ಎಷ್ಟು ದಿನ ಓಡಾಡೋದು? ತೆಗೆಸಿಬಿಡಿ." ಕ್ಯಾನು ಎತ್ತಹೋದರೆ ಕೈ ಹಿಡಿಯುವಳು. ಅವನಿಗೆಲ್ಲಿ ಏನಾಗಿಬಿಡುತ್ತದೋ ಎಂಬ ಹೆದರಿಕೆಗೆ ಅವಳ ಹಾಸಿಗೆ ಆಚೆ ಗೋಡೆಗೆ ಸರಿದಿತ್ತು. ಅವನಿಗೋ ಆಪರೇಷನ್ನಿನ ಕತ್ತಿಯೆಂದರೆ ಹೆದರಿಕೆ.

ಈ ಸಲ ಪರೀಕ್ಷೆಯ ಬೆಳಿಗ್ಗೆ ಅವನು ಚೆಂಬುಗಟ್ಟಲೆ ನೀರು ಕುಡಿದ. ರಕ್ತ ತೆಳುವಾದರೆ ಅಂಕಿ ಇಳಿಯದೆ ಎಲ್ಲಿಗೆ ಹೋದೀತು?

ಅಂಕಿ ಇಳಿಯಿತು. ಹೆಂಡತಿ ಹಾಸಿಗೆಯನ್ನು ಮತ್ತೆ ಅವನ ಪಕ್ಕಕ್ಕೆ ಎಳೆದಳು.

ಅವನಿಗೆ ಮಾತ್ರ ಸಮಾಧಾನವಿಲ್ಲ. ತಾನೇ ನೀರು ಬೆರೆಸಿದ ಲೆಕ್ಕವನ್ನು ತಾನು ಹೇಗೆ ನಂಬುವುದು? ಒಳಗೆ ಅದು ಬೆಳೆಯುತ್ತಿದ್ದರೆ? ಹೇಳಿದರೆ ಕತ್ತಿ, ಹೇಳದಿದ್ದರೆ ಹುಣ್ಣಿನ ಮೇಲೆ ಬಟ್ಟೆ ಹೊದಿಸಿದ ಹಾಗೆ. ಕೇಂದ್ರಕ್ಕೆ ಬಂದ ನೀರುಹಾಲನ್ನು ಬೈಯಲು ಬಾಯಿ ಬಾರದೆ ಒಳಗೆ ಬಿಟ್ಟ.

"ಏನ್ ಮೀಟರಣ್ಣ, ಕಣ್ಣಿಗೆ ಪೊರೆ ಬಂತಾ?" ಎಂದು ಹಾಲು ತಂದವಳೇ ನಕ್ಕಳು.

ಮರುದಿನ ಹೆಂಡತಿಯನ್ನು ಕರೆದುಕೊಂಡು ಹೋಗಿ ಡಾಕ್ಟರಮ್ಮನೆದುರು ಕೂತ. ತಲೆ ಎತ್ತದೆ ಎಲ್ಲ ಹೇಳಿಬಿಟ್ಟ. ಹೆಂಡತಿ ಹಣೆ ಚಚ್ಚಿಕೊಂಡಳು.

ಡಾಕ್ಟರಮ್ಮ ನಗು ತಡೆದರು. "ರಕ್ತ ಹಾಲಿನ ಕ್ಯಾನಲ್ಲ. ನೀವು ಕುಡಿದ ನೀರು ಉಚ್ಚೆಯಾಗಿ ಹೋಯ್ತು, ಅಷ್ಟೆ. ಈ ಅಂಕಿ ತಾನಾಗೇ ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ."

"ಹಾಗಾದ್ರೆ ವಾಸಿಯಾಗ್ತಿದೆಯಾ?" ಎಂದ ಅವನು.

"ಹಾಗಂತಲ್ಲ. ಇಳಿದ್ರೆ ಹಿಗ್ಗಬೇಡಿ, ಏರಿದ್ರೆ ಕುಗ್ಗಬೇಡಿ. ಕಾಯೋಣ."

"ಎಲ್ಲೀತನಕ?"

"ಜೀವಮಾನವೆಲ್ಲ ಆಗಬಹುದು. ಕಾಯೋಕೆ ಆಗಲ್ಲ ಅಂದ್ರೆ ಇವತ್ತೇ ಹೇಳಿ, ಆಪರೇಷನ್‌ಗೆ ಬರೆದುಕೊಡ್ತೀನಿ."

ತಪ್ಪೊಪ್ಪಿಕೊಂಡರೆ ಒಂದಲ್ಲ ಒಂದು ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಉಳಿದದ್ದರಲ್ಲಿ ನಡೆದರಾಯಿತು ಎಂದುಕೊಂಡು ಬಂದಿದ್ದ. ಕಾಯುವುದು, ಕೊಯ್ಯಿಸುವುದು, ಎರಡೂ ಹಾಗೇ ಬಾಯಿ ತೆರೆದುಕೊಂಡು ಕೂತಿದ್ದವು. ಹೆಂಡತಿಯ ಕಡೆ ತಿರುಗಿದ.

"ನನ್ನ ಮುಖ ನೋಡ್ಬೇಡಿ. ಮೈ ನಿಮ್ದು."

"ಕಾಯ್ತೀನಿ" ಎಂದ. ದನಿ ಯಾರದೋ ಎನಿಸಿತು.

ಹೆಂಡತಿ ಚೀಲವನ್ನು ಹೆಗಲಿಗೇರಿಸಿ ಎದ್ದಳು. "ಒಬ್ಬರೇ ಕಾಯೋರ ಹಾಗೆ ಹೇಳ್ತೀರಲ್ಲ. ಆ ಕಾಯೋ ಗೂಟಕ್ಕೆ ನನ್ನನ್ನೂ ಕಟ್ಟಿದ್ದೀರಿ. ನಡೀರಿ."