ಮನೆಯಿಲ್ಲದ ತಂಡಕ್ಕೆ ಸಣ್ಣಮ್ಮ ಮಾಡಿದ ಕಣ

ಬಹಳ ಹಿಂದೆ ಅಂದರೆ ತೀರಾ ಹಿಂದೇನಲ್ಲ, ವಯನಾಡು ಅನ್ನುವ ಜಿಲ್ಲೆ ಹುಟ್ಟಿ ಮೂರೇ ಮಳೆಗಾಲ ಕಳೆದಿದ್ದವು, ಆಗ ಒಂದು ತಂಡವಿತ್ತಂತೆ. ಅದಕ್ಕೆ ಹೆಸರುಗಳು ಬೇಕಾದಷ್ಟಿದ್ದವು, ಮನೆ ಮಾತ್ರ ಇರಲಿಲ್ಲ.

ಅದು ಹುಟ್ಟಿದ್ದು ಸಮುದ್ರದ ದಡದ ಮದ್ರಾಸಿನಲ್ಲಿ. ಗಿರಣಿಯ ಯಜಮಾನನೊಬ್ಬ ಇಬ್ಬರು ಗಂಡಸರನ್ನೂ ಇಬ್ಬರು ಹೆಂಗಸರನ್ನೂ ಕಟ್ಟಿಕೊಂಡು "ಮದ್ರಾಸ್ ಮಿಂಚು" ಅಂತ ಹೆಸರಿಟ್ಟ. ಬಲೆಯ ಆಚೆಗೊಮ್ಮೆ ಈಚೆಗೊಮ್ಮೆ ಟೆನಿಸ್ ಚೆಂಡು ಹೊಡೆಯುವುದೇ ಅವರ ಕೆಲಸ, ಅದಕ್ಕೇ ತಿಂಗಳ ಸಂಬಳ. ಗಿರಣಿ ಮುಚ್ಚಿದಾಗ ತಂಡ ಕೊಯಮತ್ತೂರಿನವರ ಪಾಲಾಯಿತು. ಅಂಗಿಗಳ ಬೆನ್ನ ಮೇಲಿದ್ದ ಅಕ್ಷರಗಳ ಹೊಲಿಗೆ ಬಿಚ್ಚಿ ಹೊಸ ಅಕ್ಷರ ಹೊಲಿದರು. ಅಲ್ಲೂ ನೆಲೆ ನಿಲ್ಲದೆ ಮೈಸೂರಿಗೆ ಹೋಯಿತು. ಮತ್ತೆ ಬಿಚ್ಚಿದರು, ಮತ್ತೆ ಹೊಲಿದರು. ಕೊನೆಗೊಂದು ದಿನ ಬಂಡೀಪುರದ ಕಾಡು ದಾಟಿ ಕಲ್ಲೂರಿಗೆ ಬಂದು "ವಯನಾಡು ಕರಿಮೆಣಸು" ಆಯಿತು. ಅಂಗಿಗಳನ್ನು ಬೆಳಕಿಗೆ ಹಿಡಿದರೆ ಹಳೆಯ ಹೆಸರುಗಳ ಸೂಜಿತೂತುಗಳು ಇನ್ನೂ ಕಾಣುತ್ತಿದ್ದವಂತೆ.

ಈ ಕಥೆಯನ್ನು ಸಣ್ಣಮ್ಮ ಇಪ್ಪತ್ತು ದಿನದಿಂದ ಸಗಣಿ ಸಾರಿಸುತ್ತ ಜೊತೆಯ ಹೆಂಗಸರಿಗೆ ಹೇಳುತ್ತಿದ್ದಳು. ಅವಳಿಗೆ ಹೇಳಿದವಳು ಪದ್ಮಿನಿ. ತಂಡವನ್ನು ಕೊಂಡ ಕಾಫಿ ತೋಟದ ಆದಿರಾಜ ಗೌಡರ ಮಗಳು, ಮೈಸೂರಿನ ದಿನಗಳಿಂದ ಅದೇ ತಂಡದ ಆಟಗಾರ್ತಿ. ಅವಳು ಹೇಳಿದ್ದರಲ್ಲಿ ಒಂದು ಮಾತು ಸಣ್ಣಮ್ಮನ ಎದೆಯಲ್ಲಿ ನಾಟಿತ್ತು. ತಂಡ ಯಾವ ಊರಿನ ಹೆಸರು ಹೊತ್ತಿದೆಯೋ ಆ ನೆಲದ ಮೇಲೆ ವರ್ಷಕ್ಕೊಂದು ಪಂದ್ಯವನ್ನಾದರೂ ಆಡಬೇಕು. ಆಡದಿದ್ದರೆ ತಂಡ ಬೇರೆಯವರಿಗೆ. ಕಲ್ಲೂರಿನಲ್ಲಿ ಆಡುವ ನೆಲವಿರಲಿಲ್ಲ. ಊಟಿ, ಕೋಳಿಕ್ಕೋಡು ಅಂತ ಕಂಡವರ ಅಂಗಳದಲ್ಲಿ ಆಡಿ ಆಡಿ ವರ್ಷ ಮುಗಿಯುತ್ತ ಬಂದಿತ್ತು. ಉಳಿದಿದ್ದು ಒಂದೇ ಪಂದ್ಯ.

ಸಿಮೆಂಟು ಹಾಕಿಸಲು ದಿನ ಸಾಲದು ಅಂತ ಬತ್ತೇರಿಯ ಮೇಸ್ತ್ರಿ ಕೈಯೆತ್ತಿದಾಗ, ಮೆಣಸು ಬಿಡಿಸುತ್ತಿದ್ದ ಸಣ್ಣಮ್ಮ ಏಣಿಯಿಂದ ಇಳಿದು ಬಂದಿದ್ದಳು. ನೂಲ್ಪುಳದಿಂದ ಪುಲ್ಪಳ್ಳಿವರೆಗೆ ಯಾರ ಮನೆ ಮುಂದೆ ಮೆಣಸು ಒಣಗಬೇಕಾದರೂ ಕಣ ಮಾಡುವ ಕೈ ಅವಳದೇ.

"ಹುತ್ತದ ಮಣ್ಣು, ಸಗಣಿ, ಏಳು ಜನ ಹೆಂಗಸ್ರು ಕೊಡಿ ಗೌಡ್ರೇ. ಆಟದ ದಿನ ನಾಕು ಗಂಟೆಗೆ ನೆಲ ನಿಮ್ ಕೈಲಿರ್ತದೆ. ಚೆಂಡು ಎಲ್ಲಿ ಬಿದ್ರೂ ಸೊಂಟದ ಮಟ್ಟ ಏಳ್ತದೆ. ಏಳ್ದೆ ಹೋದ್ರೆ ನಾನು ಇನ್ನೊಬ್ರ ಕಣ ಮುಟ್ಟಕಿಲ್ಲ."

ಹಾಗೆ ಮಾತು ಕೊಟ್ಟಿದ್ದಳು.

ಆಟದ ದಿನ ಬೆಳಿಗ್ಗೆ ಎಂಟಕ್ಕೆ ಮಳೆ ಹಿಡಿಯಿತು.

ಕಾಫಿಗೆ ಅದು ಹೂಮಳೆ. ಅದಿಲ್ಲದೆ ಮೊಗ್ಗು ಬಿರಿಯುವುದಿಲ್ಲ, ಅದಕ್ಕಾಗಿ ಊರೆಲ್ಲ ತಿಂಗಳಿಂದ ಆಕಾಶ ನೋಡುತ್ತಿತ್ತು. ಕಲ್ಲೂರಿನ ಚಾಯದಂಗಡಿಯಲ್ಲಿ ಗುರುತಿಲ್ಲದವರೂ ಒಬ್ಬರಿಗೊಬ್ಬರು ಚಾಯ ಕೊಡಿಸುತ್ತಿದ್ದರು. ನಲವತ್ತು ಎಕರೆ ಕಾಫಿಯಿದ್ದ ಆದಿರಾಜ ಮಾತ್ರ ಜಗಲಿಯ ಕಂಬ ಹಿಡಿದು, ಯಾರೋ ಸತ್ತ ಸುದ್ದಿ ಬಂದವನಂತೆ ನಿಂತಿದ್ದ.

ಹತ್ತೂವರೆಗೆ ಮಳೆ ನಿಂತಿತು. ಸಣ್ಣಮ್ಮ ಓಡಿಬಂದು ನೋಡಿದರೆ ಅವಳ ಕಣ ಕೆರೆಯಾಗಿತ್ತು. ಅತ್ತಿಂದಿತ್ತ ಎರಡು ಬೆರಳು ನೀರು. ನಡುವೆ ಬಲೆಯ ಎರಡು ಕಂಬ, ನೀರಿನಲ್ಲಿ ಅವುಗಳ ನೆರಳು.

"ಏನ್ ಸಣ್ಣಮ್ಮ, ಮೀನು ಬಿಡೋಣ್ವಾ?" ಅಂದ ಆದಿರಾಜ. ನಗುವ ದನಿಯಲ್ಲ.

ಪದ್ಮಿನಿ ಅಂಚಿನುದ್ದಕ್ಕೂ ನಡೆದು ನೋಡಿದಳು. ನಾಲ್ಕೂ ಕಡೆ ಅಂಗೈಯೆತ್ತರದ ಮಣ್ಣಿನ ಬದು. ನುಣ್ಣಗೆ ಸಾರಿಸಿ, ಎಲ್ಲೂ ಬಿರುಕಿಲ್ಲದಂತೆ ಕಟ್ಟಿದ ಬದು.

"ಸಣ್ಣಮ್ಮ, ಇದನ್ನ ಯಾಕೆ ಕಟ್ಟಿದೆ? ನೀರು ಹೋಗೋದೆಲ್ಲಿಂದ?"

"ಕಣಕ್ಕೆ ಬದು ಕಟ್ದೆ ಇರ್ತಾರಾ ಮೋಳೇ, ನನ್ ಮಗ್ಳೇ? ಮೆಣಸು ಉರುಳಿ ಹೋಗಕಿಲ್ವಾ?"

"ಇಲ್ಲಿ ಮೆಣಸೆಲ್ಲಿದೆ?"

ಸಣ್ಣಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. ನಿನ್ನೆ ಸಂಜೆ ಕೊನೆಯ ಸಾರಣೆ ಮುಗಿದ ಮೇಲೆ ಅವಳ ಕೈ ತಾನಾಗಿ ಅಂಚಿಗೆ ಹೋಗಿತ್ತು. ನಲವತ್ತು ವರ್ಷ ಮಾಡಿದ್ದನ್ನೇ ಮಾಡಿತ್ತು. ತಟ್ಟೆಯ ನೀರಿನ ಹಾಗೆ ಸಮ ಇರಬೇಕು ಅಂತ ಪದ್ಮಿನಿ ಹೇಳಿದ್ದಳು. ಈಗ ತಟ್ಟೆಯೂ ಇತ್ತು, ನೀರೂ ಇತ್ತು.

ಅಷ್ಟರಲ್ಲಿ ಜೀಪು ಬಂತು. ಹಿಂದೆಯೇ ಎದುರಾಳಿ ಊಟಿ ತಂಡದ ವ್ಯಾನು. ಜೀಪಿನಿಂದ ಇಳಿದವನು ಶ್ರೀಧರನ್, ಕೋಳಿಕ್ಕೋಡಿನವನು, ಪಂದ್ಯದ ಅಧಿಕಾರಿ. ಕೈಯಲ್ಲಿ ಎರಡು ಕಡೆ ಗೀರು ಹಾಕಿದ ಒಂದು ಬಿದಿರ ಕೋಲು. ಮೇಲಿನ ಗೀರಿನಿಂದ ಚೆಂಡು ಬಿಟ್ಟರೆ ಅದು ಪುಟಿದು ಕೆಳಗಿನ ಗೀರು ಮುಟ್ಟಬೇಕು, ಐದೂ ಜಾಗದಲ್ಲಿ. ಅವನು ನೀರು ನೋಡಿದ, ಗಡಿಯಾರ ನೋಡಿದ, ಸಣ್ಣಮ್ಮನನ್ನು ನೋಡಿದ.

"ನಾಲು ಮಣಿ, ಚೇಚಿ. ನಾಕು ಗಂಟೆ, ಅಕ್ಕ." ಅವನ ಕನ್ನಡ ನಿಧಾನದ್ದು. "ಆಮೇಲೆ ನಾನು ಬರೀಬೇಕು, ಪಂದ್ಯ ಆಗಲಿಲ್ಲ ಅಂತ. ಸೇಲಂನವರು ತಂಡ ಕೇಳ್ತಾ ಇದಾರೆ. ಅವರ ಕಾಗದ ನನ್ನ ಚೀಲದಲ್ಲೇ ಇದೆ. ನನಗೆ ಇಷ್ಟ ಅಂತ ಅಲ್ಲ."

ಪದ್ಮಿನಿಯ ಕೈ ಬೆನ್ನ ಹಿಂದೆ ಹೋಗಿ ಅಂಗಿಯ ಅಕ್ಷರಗಳನ್ನು ಒಮ್ಮೆ ಸವರಿತು. ಸಣ್ಣಮ್ಮ ಅದನ್ನು ಕಂಡಳು.

ಜೊತೆಗಾತಿ ವೆಳ್ಳಚ್ಚಿ ಆಗಲೇ ಗುದ್ದಲಿ ಎತ್ತಿದ್ದಳು. "ಒಂದೇಟು ಕಡಿದ್ರೆ ಆಯ್ತು ಸಣ್ಣಕ್ಕ, ನೀರು ತಾನೇ ಹೋಯ್ತದೆ."

ಸಣ್ಣಮ್ಮ ಗುದ್ದಲಿಯ ಕಾವು ಹಿಡಿದಳು. "ಬ್ಯಾಡ. ರಾಶಿ ಬಿದ್ದಿಲ್ಲ."

ಹೊಸ ಕಣದಲ್ಲಿ ಮೊದಲ ರಾಶಿ ಬೀಳುವವರೆಗೆ ಬದುವಿಗೆ ಬಾಯಿ ಬಿಡುವಂತಿಲ್ಲ. ಬರಿಗಣದ ಬಾಯಿ ಕಡಿದರೆ ಆ ಮನೆಯಲ್ಲಿ ಏನೂ ನಿಲ್ಲುವುದಿಲ್ಲ ಅಂತ ಅವಳ ಅವ್ವ ಹೇಳಿದ್ದಳು, ಅವ್ವನ ಅವ್ವ ಹೇಳಿದ್ದಳು. ಅವಳ ಕೈಯ ಒಂದು ಕಣವೂ ಈ ಕಟ್ಟು ಮೀರಿರಲಿಲ್ಲ.

"ಅಯ್ಯೋ ಮಾರಾಯ್ತಿ!" ಆದಿರಾಜ ಕಂಬ ಬಿಟ್ಟು ಕೆಳಗಿಳಿದ. "ತಂಡವೇ ಕೈಬಿಟ್ಟು ಹೋಗ್ತಿದೆ, ನೀನು ರಾಶಿ ಅಂತೀಯಲ್ಲ! ಬದು ಕಟ್ಟಿ ಮುಳುಗಿಸಿದ್ದು ಸಾಲದಾ?"

"ಬೈಯ್ರಿ, ಗೌಡ್ರೇ, ತಪ್ಪು ನನ್ದೇ. ಆದ್ರೆ ಮೂರು ಊರು ಬಿಟ್ ಬಂದ ತಂಡ ಇದು. ನಿಲ್ಲಲಿ ಅಂತ ತಾನೆ ನೆಲ ಮಾಡ್ತಿರದು? ನಿಲ್ದೆ ಹೋಗೋ ಹಂಗೆ ನನ್ ಕೈಯಾರೆ ಕಡೀಲಾ?"

"ಹಾಗಾದರೆ ಮೆಣಸು ತರಿಸ್ತೀನಿ, ಸುರಿ!"

"ನೀರಿಗೆ ಮೆಣಸು ಸುರಿದು ಕೊಳೆಸದಾ? ಅದು ರಾಶಿನಾ?"

ಮಾತಿಗೆ ಮಾತು ಬೆಳೆದು ಹನ್ನೊಂದೂಮುಕ್ಕಾಲಾಯಿತು. ಬಿಸಿಲು ಏರುತ್ತಿತ್ತು, ನೀರು ಮಾತ್ರ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ನೀರಿನಡಿಯಲ್ಲಿ ಸಗಣಿ ಮೆಲ್ಲಗೆ ಕರಗಿ ಹಸಿರು ಹೊಗೆಯ ಹಾಗೆ ಏಳುವುದನ್ನು ಸಣ್ಣಮ್ಮ ನೋಡುತ್ತಿದ್ದಳು. ಇಪ್ಪತ್ತು ದಿನ ಕಣ್ಣೆದುರೇ ಕರಗುತ್ತಿತ್ತು.

ಪದ್ಮಿನಿ ಒಳಗೆ ಓಡಿದಳು. ಕಾಫಿ ಬುಟ್ಟಿಯೊಂದನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಬುಟ್ಟಿ ತುಂಬ ಹಳೆಯ ಚೆಂಡುಗಳು. ಮೈಸೂರಿನವು, ಊಟಿಯವು, ರೋಮ ಸವೆದವು, ನೂರಕ್ಕೂ ಮಿಕ್ಕಿ.

"ನಮ್ಮ ಬೆಳೆ ಇದೇ ಸಣ್ಣಮ್ಮ. ಇಷ್ಟು ವರ್ಷ ಬೆಳೆದದ್ದೆಲ್ಲ ಇಷ್ಟೇ. ಇದು ರಾಶಿ ಆಗುತ್ತಾ?"

ಸಣ್ಣಮ್ಮ ಒಂದು ಚೆಂಡು ಎತ್ತಿಕೊಂಡು, ಕಾಳಿನ ಗಟ್ಟಿ ನೋಡುವವಳಂತೆ ಒತ್ತಿ ನೋಡಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಬೆವರು ಸುರಿಸಿ ಬೆಳೆದದ್ದು ತಾನೆ? ಸುರಿ ಮೋಳೇ. ನಡುಮಧ್ಯಕ್ಕೆ ಸುರಿ."

ಬುಟ್ಟಿ ಬೋರಲಾಯಿತು. ಚೆಂಡುಗಳು ದಬದಬ ಬಿದ್ದು ಸುತ್ತ ಚದುರಿದವು. ವೆಳ್ಳಚ್ಚಿ ಮತ್ತೆ ಗುದ್ದಲಿ ಎತ್ತಿದಳು. "ಎಲ್ಲಿ ಕಡೀಲಿ?"

ಅದೇ ಈಗಿನ ಕಷ್ಟ. ಅಷ್ಟು ಸಮ ಮಾಡಿದ ನೆಲದಲ್ಲಿ ತಗ್ಗು ಯಾವ ಕಡೆ ಅಂತ ಮಾಡಿದವಳಿಗೇ ತಿಳಿಯದು. ಎತ್ತರದ ಕಡೆ ಕಡಿದರೆ ನೀರು ಅರ್ಧಕ್ಕೇ ನಿಲ್ಲುತ್ತದೆ.

"ತಡಿ ಕಣಮ್ಮಿ. ರಾಶಿ ನೋಡು."

ನೀರು ತೆಳುವಿದ್ದ ಕಡೆ ಚೆಂಡುಗಳು ನೆಲ ಕಚ್ಚಿ ಕೂತಿದ್ದವು. ಆಳ ಸಿಕ್ಕ ಚೆಂಡುಗಳು ಮಾತ್ರ ತೇಲಿ, ಗಾಳಿಗೆ ತಿರುಗಿ, ಒಂದರ ಹಿಂದೊಂದು ತೆಂಕಣ ಮೂಲೆಗೆ ಹೋಗಿ ಒತ್ತಾಗಿ ನಿಂತವು. ಹುಲ್ಲಿಗೆ ಬಂದ ಕುರಿಮರಿಗಳ ಹಾಗೆ.

"ಅಲ್ಲಿ!"

ಸಣ್ಣಮ್ಮ ತಾನೇ ಗುದ್ದಲಿ ಕಸಿದುಕೊಂಡು ಓಡಿದಳು. ಮೂರೇಟಿಗೆ ಬದು ಬಾಯಿಬಿಟ್ಟಿತು. ನೀರು ಗುಳಗುಳನೆ ನುಗ್ಗಿತು, ಚೆಂಡುಗಳೂ ಜೊತೆಗೆ. ವೆಳ್ಳಚ್ಚಿ ಚರಂಡಿಯಲ್ಲಿ ಮೊರ ಹಿಡಿದು ಕೂತು, "ಬಾ ಬಾ, ನೀನೂ ಬಾ, ಎಲ್ಲಿಗೆ ಓಡ್ತೀಯ?" ಅಂತ ಒಂದೊಂದನ್ನೂ ಹಿಡಿದಳು.

ಹನ್ನೆರಡೂವರೆಗೆ ನೆಲ ಕಂಡಿತು. ಮೇಲಿನ ಸಾರಣೆ ಅಂಬಲಿಯಾಗಿತ್ತು. ಏಳೂ ಹೆಂಗಸರು ಕಡ್ಡಿಪೊರಕೆ ಹಿಡಿದು ಅದನ್ನು ಬಾಯಿಯ ಕಡೆಗೆ ತಳ್ಳಿದರು. ಗೋದಾಮಿನಿಂದ ಒಣ ಕಾಫಿ ಹೊಟ್ಟು ಮೂಟೆಗಟ್ಟಲೆ ಬಂತು. ಹರಡಿದರು, ಒದ್ದೆ ಹೀರಿದ ಮೇಲೆ ಗುಡಿಸಿದರು, ಮತ್ತೆ ಹರಡಿದರು. ಆಮೇಲೆ ಜರಡಿ ಹಿಡಿದ ಹುತ್ತದ ಮಣ್ಣು. ಅದರ ಮೇಲೆ ಸಾಲಾಗಿ ನಿಂತು, ಒಬ್ಬರ ಭುಜ ಒಬ್ಬರು ಹಿಡಿದು, ಹಿಮ್ಮಡಿಯೂರಿ ತುಳಿದರು. ಆದಿರಾಜನೂ ಪಂಚೆ ಎತ್ತಿ ಕಟ್ಟಿ ಸಾಲಿಗೆ ಸೇರಿದ. ಊಟಿಯ ಆಟಗಾರ್ತಿಯೊಬ್ಬಳು ಬೂಟು ಹಾಕಿಕೊಂಡೇ ಬರಹೊರಟಾಗ ಸಣ್ಣಮ್ಮ ಕೂಗಿದಳು: "ಕಾಲು ಬರಿದು ಮಾಡಿ ಬಾ ತಾಯಿ!"

ಎರಡೂವರೆಗೆ ಮುತ್ತಂಗದ ಕಾಡಿನ ಮೇಲೆ ಮೋಡ ಕಟ್ಟಿತು. ತುಳಿತ ಜೋರಾಯಿತು. ಒಂದು ಹನಿ ಸಣ್ಣಮ್ಮನ ಮೊಣಕೈ ಮೇಲೆ ಬಿತ್ತು. ಅವಳು ಅದನ್ನು ಒರೆಸಿಕೊಂಡಳೇ ಹೊರತು ತಲೆಯೆತ್ತಲಿಲ್ಲ. ಮೂರರ ಹೊತ್ತಿಗೆ ಮೋಡ ಪುಲ್ಪಳ್ಳಿಯ ಕಡೆಗೆ ವಾಲಿತು. ಮೂರೂವರೆಗೆ ವೆಳ್ಳಚ್ಚಿ ಹಗ್ಗ ಹಿಡಿಸಿ ಸುಣ್ಣದ ಗೆರೆ ಎಳೆದಳು.

ಮೂರೂ ನಲವತ್ತಕ್ಕೆ ಶ್ರೀಧರನ್ ಕೋಲು ಹಿಡಿದು ಬಂದ. ಬದುವಿನ ಬಳಿ ಸಣ್ಣಮ್ಮ ಅಡ್ಡ ನಿಂತಳು.

"ಸಾರ್, ಬೂಟು."

"ಚೇಚಿ, ನಾನು ಅಧಿಕಾರಿ."

"ಆಗ್ಲಿ ಸಾರ್. ಬೂಟು."

ಅಧಿಕಾರಿ ಬೂಟು ಬಿಚ್ಚಿದ. ಅವನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಯಾರೂ ನಗಲಿಲ್ಲ.

ಮೊದಲ ಮೂಲೆಯಲ್ಲಿ ಚೆಂಡು ಬಿತ್ತು, ಪುಟಿಯಿತು, ಗೀರು ದಾಟಿತು. ಎರಡನೆಯದು ದಾಟಿತು. ಮೂರನೆಯದು ಗೀರಿಗೆ ಸರಿಯಾಗಿ ಮುಟ್ಟಿ ಇಳಿಯಿತು. ನಡುವಿನದೂ ದಾಟಿತು. ಉಳಿದದ್ದು ತೆಂಕಣ ಮೂಲೆ, ನೀರೆಲ್ಲ ಹರಿದು ಹೋದ ಬಾಯಿಯ ಬಳಿ.

ಧಪ್.

ಚೆಂಡು ಮೊಣಕಾಲಿಗೂ ಏಳಲಿಲ್ಲ. ಶ್ರೀಧರನ್ ಇನ್ನೊಮ್ಮೆ ಬಿಟ್ಟ. ಧಪ್. ಅವನು ಗಡಿಯಾರವನ್ನು ಸಣ್ಣಮ್ಮನಿಗೆ ಕಾಣುವಂತೆ ಹಿಡಿದ. ಹನ್ನೆರಡು ನಿಮಿಷ.

ಪದ್ಮಿನಿ ಮುಖ ತಿರುಗಿಸಿ ನಿಂತಳು. ಆದಿರಾಜ ಬದುವಿನ ಮೇಲೆ ಕುಸಿದು ಕೂತ.

"ವೆಳ್ಳಚ್ಚಿ, ಒಲೆ ಬೂದಿ! ಬಿಸೀದೇ ಬೇಕು!" ಅನ್ನುತ್ತ ಸಣ್ಣಮ್ಮ ಸೆರಗು ಸಿಕ್ಕಿಸಿ ಮಂಡಿಯೂರಿದಳು. ಬಾಂಡ್ಲಿಯಲ್ಲಿ ಬೂದಿ ಬಂತು, ಒಳಗೆ ಕೆಂಡದ ಚೂರು ಇನ್ನೂ ಮಿನುಗುತ್ತಿತ್ತು. ಮೂಲೆಯ ಮೇಲೆ ಸುರಿದಳು. ಹಬೆ ಎದ್ದಿತು. ಎಣಿಸಿದಂತೆ ತುಟಿ ಅಲ್ಲಾಡಿಸಿ, ಗುಡಿಸಿದಳು. ಮತ್ತೆ ಸುರಿದಳು, ಮತ್ತೆ ಗುಡಿಸಿದಳು. ಸೊಂಟದ ಗಂಟಿನಿಂದ ಉಜ್ಜುಕಲ್ಲು ತೆಗೆದಳು. ಹೊಳೆಯಲ್ಲಿ ಸಿಕ್ಕ ಕರಿಗಲ್ಲು, ಅವ್ವನಿಂದ ಬಂದದ್ದು, ಅವಳ ಅಂಗೈಯ ಆಕಾರಕ್ಕೇ ಸವೆದದ್ದು. ಹುತ್ತದ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಮೈಭಾರವನ್ನೆಲ್ಲ ಕಲ್ಲಿನ ಮೇಲೆ ಬಿಟ್ಟು ಉಜ್ಜಿದಳು. ಬಿಸಿಗೆ ಅಂಗೈ ಚುರುಗುಟ್ಟಿತು. ಕಲ್ಲಿನ ಸದ್ದು ಮೊದಲು ಮೆತ್ತಗಿತ್ತು. ಅವಳು ಕಿವಿಗೊಟ್ಟು ಕೇಳುತ್ತಿದ್ದದ್ದು ಅದನ್ನೇ. ಮೆತ್ತಗಿನ ಸದ್ದು ಒರಟಾಯಿತು, ಒರಟು ಸದ್ದು ಕೊನೆಗೆ ಮಡಕೆ ಉಜ್ಜಿದ ಹಾಗೆ ಕಿರ್ರೆಂದಿತು.

"ಬುಡಿ ಸಾರ್ ಈಗ."

ಶ್ರೀಧರನ್ ಕೋಲು ನೆಟ್ಟಗೆ ಹಿಡಿದ. ಮೇಲಿನ ಗೀರಿನ ಬಳಿ ಅವನ ಬೆರಳುಗಳು ತೆರೆದವು.

ಟಣ್ ಅಂತ ಪುಟಿದ ಚೆಂಡು ಕೆಳಗಿನ ಗೀರು ದಾಟಿ, ಮಂಡಿಯೂರಿದ್ದ ಸಣ್ಣಮ್ಮನ ಹಣೆಯ ಮಟ್ಟ ಏರಿ, ಅಲ್ಲೊಂದು ಗಳಿಗೆ ನಿಂತಂತೆ ಮಾಡಿ ಇಳಿಯಿತು.

"ಮೂರು ಐವತ್ತೆಂಟು," ಅಂದ ಶ್ರೀಧರನ್.

ಸಣ್ಣಮ್ಮ ಎದ್ದಳು. ಕಲ್ಲನ್ನು ಸೊಂಟಕ್ಕೆ ಸಿಕ್ಕಿಸಿದಳು. ಬೂದಿ ಮೆತ್ತಿದ ಎರಡೂ ಕೈಗಳನ್ನು ಆದಿರಾಜನ ಮುಂದೆ ಚಾಚಿದಳು, ಅವುಗಳಲ್ಲಿ ಏನೋ ಇದೆ ಅನ್ನುವ ಹಾಗೆ.

"ತಕಳಿ ಗೌಡ್ರೇ," ಅಂದಳು. "ನಿಮ್ ನೆಲ."